ವಿಗ್ಗಿನೊಳಗಿನ ಎರಡು ಪಟ್ಟಿಗಳು

ಕಳೆದ ತಿಂಗಳು ನಿಧಿ ಫೋನ್ ಮಾಡಿದಳು. ನಿಧಿ ಎಂದರೆ ಇಲ್ಲೇ ಲಂಡನ್ನಿನ ಕ್ರೋಯ್ಡನ್‌ನಲ್ಲಿ ಹುಟ್ಟಿ ಬೆಳೆದ, ಬೆಂಗಳೂರು ಕಡೆಯವರ ಮಗಳು. ನಾಟಕದವರಿಗೆ ವಿಗ್ ಮಾಡಿಕೊಡುವ ಯಾವ ವರ್ಕ್‌ಶಾಪಿನಲ್ಲಿ ನಾನು ಇಪ್ಪತ್ತೇಳು ವರ್ಷ ದುಡಿದೆನೋ, ಅಲ್ಲಿ ಈಗ ಅವಳು ಕೆಲಸ ಕಲಿಯುತ್ತಿದ್ದಾಳೆ. ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿ ತೆರೆದರೆ ಮುಕ್ಕಾಲು ಇಂಗ್ಲಿಷು.

"ಆಂಟಿ, ಸ್ಟೋರ್ ಕ್ಲಿಯರ್ ಮಾಡ್ತಾ ಇದೀವಿ. ಒಂದು ಹಳೇ ಬಾಕ್ಸ್ ಸಿಕ್ತು. ಮೇಲೆ 'ಚೈನಾಮನ್, ಸುಸ್ ಟ್ಯಾಬ್ಸ್' ಅಂತ ಬರ್ದಿದೆ. ಸು ಅಂದ್ರೆ ನೀವೇನಾ?"

ನಾನೇ. ಸುಗಂಧಿ ಎನ್ನುವ ಹೆಸರು ಆ ವರ್ಕ್‌ಶಾಪಿನಲ್ಲಿ ಒಂದೇ ವಾರದಲ್ಲಿ ಸು ಆಗಿಹೋಗಿತ್ತು.

ವಿಷಯ ಹೀಗಿತ್ತು. ಇಂಗ್ಲಿಷ್ ನಾಟಕಗಳಲ್ಲಿ, ಹಳೆಯ ಜನಪ್ರಿಯ ಹಾಡುಗಳಲ್ಲಿ ಚೀನಾದವರನ್ನು ಹೇಗೆಲ್ಲ ತೋರಿಸಿದ್ದರು ಎಂಬುದರ ಬಗ್ಗೆ ಒಂದು ಸಂಗ್ರಹಾಲಯ ಪ್ರದರ್ಶನ ಇಡುತ್ತಿದೆ. ಆ ಡಬ್ಬಿಯಲ್ಲಿದ್ದ ನನ್ನ ವಿಗ್ಗು ಅಲ್ಲಿಗೆ ಹೋಗುತ್ತದೆ. ಪಕ್ಕದಲ್ಲೊಂದು ಕಾರ್ಡು, ಅದರ ಮೇಲೆ ಹಾಕಿಕೊಂಡ ನಟನ ಹೆಸರು, ಮಾಡಿದವರ ಹೆಸರು. "ನಿಮ್ಮ ಹೆಸರು ಹಾಕ್ಬೋದಾ ಆಂಟಿ? ಬೇಡ ಅಂದ್ರೆ 'ಮಾಡಿದವರು ತಿಳಿದಿಲ್ಲ' ಅಂತ ಹಾಕ್ತಾರಂತೆ. ಇಟ್ಸ್ ಟೋಟಲಿ ಫೈನ್."

"ಬೇಡ ಮಾರಾಯ್ತಿ, ಹಾಕುದು ಬೇಡ," ಎಂದು ಆ ಕ್ಷಣವೇ ಹೇಳಿಬಿಟ್ಟೆ.

ನಾಟಕದ ಪುಸ್ತಿಕೆಯಲ್ಲಿ ಐಸ್‌ಕ್ರೀಮ್ ಮಾರುವವರ ಜಾಹೀರಾತು ಬರುತ್ತದೆ, ತಲೆ ಕೂದಲು ಕಟ್ಟಿದವಳ ಹೆಸರು ಬರುವುದಿಲ್ಲ ಎಂದು ಗಂಡನ ಮುಂದೆ ವರ್ಷಗಟ್ಟಲೆ ಗೊಣಗಿದವಳು ನಾನು. ಕೊನೆಗೂ ಹೆಸರು ಅಚ್ಚಾಗುವ ಕಾಲ ಬಂದಾಗ ಓಡಿಹೋಗಿ ಅಡಗಿಕೊಂಡೆ. ಫೋನ್ ಇಟ್ಟ ಮೇಲೆ ಯಾವ ಕೆಲಸಕ್ಕೂ ಕೈ ಹೋಗಲಿಲ್ಲ. ಕಾರ್ಡು ಅಚ್ಚಿಗೆ ಹೋಗುವುದು ಈ ತಿಂಗಳ ಕೊನೆಗೆ, ಅಷ್ಟರೊಳಗೆ ಮನಸ್ಸು ಬದಲಾದರೆ ಹೇಳಿ ಎಂದಿದ್ದಳು ನಿಧಿ. ಅವಳಿಗೂ ಅವಳಂತೆ ಈ ಕೆಲಸಕ್ಕೆ ಸೇರುವ ಮಕ್ಕಳಿಗೂ ಈ ಕೆಲಸ ನಿಜವಾಗಿ ಹೇಗಿತ್ತು ಎಂದು ಹೇಳಿಬಿಡುತ್ತೇನೆ.

ನಮ್ಮದು ಉಡುಪಿ ಹತ್ತಿರದ ಶಂಕರಪುರ, ಮಲ್ಲಿಗೆ ಬೆಳೆಯುವ ಊರು. ಅಮ್ಮ ಬೆಳಗಿನ ಬಸ್ಸಿಗೆ ಹೂ ಕಟ್ಟಿ ಕಳಿಸಬೇಕು. ಆರು ವರ್ಷಕ್ಕೇ ನನ್ನ ಬೆರಳಿಗೆ ಬಾಳೆನಾರು ಸಿಕ್ಕಿಸಿದ್ದರು. ಅಮ್ಮನ ಗಂಟಿಗೆ ಒಂದು ಗುಣವಿತ್ತು. ಎಳೆದಷ್ಟೂ ಬಿಗಿಯಾಗುತ್ತಿತ್ತು, ಸಡಿಲವಾಗುವ ಮಾತೇ ಇಲ್ಲ. ಮದುವೆಯಾಗಿ ಲಂಡನ್ನಿಗೆ ಬಂದೆ. ನಮ್ಮವರು ಟೂಟಿಂಗ್‌ನ ಹೋಟೆಲೊಂದರಲ್ಲಿ ದೋಸೆ ಹೊಯ್ಯುತ್ತಿದ್ದರು. ನನಗೂ ಏನಾದರೂ ಕೆಲಸ ಬೇಕಿತ್ತು. ಹೊಲಿಗೆ ಬರುವ ಹೆಂಗಸರು ಬೇಕು ಎಂಬ ಚೀಟಿ ನೋಡಿ ಹೋದೆ.

ಅಲ್ಲಿಯ ಯಜಮಾನಿ ಮಾರ್ಗರೆಟ್, ಎತ್ತರದ, ನಗುವೇ ಕಾಣದ ಹೆಂಗಸು. ಒಂದು ಮರದ ತಲೆ ಮುಂದಿಟ್ಟು, ಅದರ ಮೇಲೆ ತೆಳ್ಳನೆಯ ಬಲೆ ಹಾಸಿ, ಸಣ್ಣ ಕೊಕ್ಕೆ ಕೊಟ್ಟು ಒಂದೊಂದೇ ಕೂದಲು ಗಂಟು ಹಾಕಲು ತೋರಿಸಿದರು. ಅರ್ಧ ಗಂಟೆ ಬಿಟ್ಟು ಬಂದು ನೋಡಿ, "ಇದನ್ನು ಎಲ್ಲಿ ಕಲಿತೆ?" ಎಂದು ಕೇಳಿದರು. ಹೂವಿನಲ್ಲಿ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಸೋಮವಾರದಿಂದ ಬಾ ಎಂದರು.

ಚಳಿಗಾಲ ಬಂತೆಂದರೆ ನಮಗೆ ಪ್ಯಾಂಟೊಮೈಮ್ ಹುಚ್ಚು. ಕ್ರಿಸ್ಮಸ್ ಸಮಯದಲ್ಲಿ ಇಲ್ಲಿಯವರು ಮಕ್ಕಳನ್ನು ಕರೆದುಕೊಂಡು ಹೋಗುವ ಹಾಡು ಕುಣಿತ ತಮಾಷೆಯ ನಾಟಕ ಅದು. ಅದರಲ್ಲಿ ಚೀನಾ ದೇಶದಲ್ಲಿ ನಡೆಯುವ ಕತೆಯೊಂದು ಎರಡು ವರ್ಷಕ್ಕೊಮ್ಮೆ ಬರುತ್ತಿತ್ತು. ಬಟ್ಟೆ ಒಗೆಯುವ ಅಂಗಡಿ, ಪೆದ್ದು ಪೆದ್ದಾದ ಪೊಲೀಸರು, ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತ ಓಡುವ ಕೆಲಸಗಾರರು. ಪ್ರತಿಯೊಬ್ಬನಿಗೂ ಮುಂದೆ ಬೋಳು, ಹಿಂದೆ ಉದ್ದ ಜಡೆಯ ವಿಗ್ಗು. ಅವರು ಬರುವ ಮೊದಲು ವಾದ್ಯದವರು ಜಾಗಟೆಯೊಂದನ್ನು ಬಾರಿಸಿ, ಟಿಂಗ್ ಟಿಂಗ್ ಎಂದು ಕುಪ್ಪಳಿಸುವ ಪುಟ್ಟ ರಾಗ ನುಡಿಸುತ್ತಿದ್ದರು. ರಾಗ ಕೇಳಿದ್ದೇ ಜನ ನಗಲು ಶುರು. ಚೀನಾದವನು ಇನ್ನೂ ಬಂದೇ ಇರುವುದಿಲ್ಲ.

ಈ ವಿಗ್ಗುಗಳಿಗೆ ನಮ್ಮ ಮಾದರಿ ಯಾವುದು ಎಂದುಕೊಂಡಿರಿ? ಗೋಡೆಗೆ ಅಂಟಿಸಿದ್ದ ನಾಲ್ಕು ಹಳೆಯ ಹಾಡಿನ ಪುಸ್ತಿಕೆಗಳ ಹೊದಿಕೆಗಳು. ನಮ್ಮ ಅಜ್ಜಂದಿರ ಕಾಲದಲ್ಲಿ ಇಲ್ಲಿಯ ಮನೆಮನೆಯ ಪಿಯಾನೋದ ಮೇಲೆ ಇಡುತ್ತಿದ್ದ ಅಗ್ಗದ ಹಾಡುಗಳು. ಎರಡೂ ತೋರುಬೆರಳು ಮೇಲಕ್ಕೆತ್ತಿದ, ಹಲ್ಲು ಮುಂದೆ ಬಂದ, ಕಣ್ಣು ಎರಡು ಗೆರೆಯಾದ, ಹಳದಿ ಬಣ್ಣದ ಮನುಷ್ಯ. ಜಡೆ ಎಷ್ಟು ಉದ್ದ ಎಂದು ಆ ಚಿತ್ರದ ಮೇಲೆ ಅಳತೆಪಟ್ಟಿ ಇಟ್ಟು ನೋಡುತ್ತಿದ್ದೆವು. ಎರಡು ಅಂಗಡಿ ಆಚೆಗೆ ಚೀನೀ ದಂಪತಿಯ, ಊಟ ಕಟ್ಟಿಕೊಡುವ ಟೇಕ್‌ಅವೇ ಇತ್ತು. ಶುಕ್ರವಾರ ಮಧ್ಯಾಹ್ನ ನಮ್ಮೆಲ್ಲರ ಊಟ ಅಲ್ಲಿಂದಲೇ. ಆ ಯಜಮಾನರಿಗೆ ನಮ್ಮೂರಿನ ಪೋಸ್ಟ್ ಮಾಸ್ತರರಂತೆ ಕ್ರಾಪು, ಕನ್ನಡಕ. ಊಟ ತಂದು, ಅದೇ ಚಿತ್ರಗಳ ಕೆಳಗೆ ಕೂತು ತಿನ್ನುತ್ತಿದ್ದೆವು. ಒಬ್ಬರಿಗೂ ಏನೂ ಅನ್ನಿಸಲಿಲ್ಲ. ಇಂದು ನೆನೆದರೆ ನನಗೆ ಗಾಬರಿಯಾಗುವುದು ಚಿತ್ರಗಳನ್ನು ಕುರಿತಲ್ಲ, ಆ ಊಟ ಗಂಟಲಲ್ಲಿ ಇಳಿಯುತ್ತಿತ್ತಲ್ಲ ಎಂದು.

ನನ್ನ ಮೊದಲ ದೊಡ್ಡ ಎಡವಟ್ಟು ಎರಡನೆಯ ವರ್ಷದ್ದು. ಒಂದು ಜಡೆಯನ್ನು ಅವಸರದಲ್ಲಿ ಎರಡೇ ಹೊಲಿಗೆ ಹಾಕಿ ಕಳಿಸಿದ್ದೆ. ವೇದಿಕೆಯ ಮೇಲೆ ಹಾಸ್ಯನಟ ಹಿಡಿದು ಜಗ್ಗಿದಾಗ ಇಡೀ ಜಡೆ ಕೈಗೆ ಬಂತು. ಪರದೆಯ ಪಕ್ಕದಲ್ಲಿ ನಿಂತಿದ್ದ ನಾನು ಕೆಲಸ ಹೋಯಿತು ಎಂದೇ ಅಂದುಕೊಂಡೆ. ಸಭಾಂಗಣ ನಗುವಿನಿಂದ ಸಿಡಿಯಿತು. ಮಾರನೆಯ ದಿನ ನಿರ್ದೇಶಕರ ಚೀಟಿ ಬಂತು. ಜಡೆ ಪ್ರತಿ ಆಟದಲ್ಲೂ ಕಿತ್ತು ಬರಬೇಕು, ಹಾಗೆ ಮಾಡಿಕೊಡಿ. ನಾನು ಒತ್ತುಗುಂಡಿ ಹಚ್ಚಿ ಕೊಟ್ಟೆ. ತಪ್ಪು ಮಾಡಿ ಶಹಬ್ಬಾಸ್ ಅನ್ನಿಸಿಕೊಂಡದ್ದು ಅದೇ ಮೊದಲು. ಒಬ್ಬ ಮನುಷ್ಯನ ಜುಟ್ಟು ಹಿಡಿದು ಕೀಳುವುದರಲ್ಲಿ ನಗುವಂಥದ್ದು ಏನಿದೆ ಎಂದು ಕೇಳಿಕೊಳ್ಳುವಷ್ಟು ಬುದ್ಧಿ ಆಗ ನನಗಿರಲಿಲ್ಲ.

ಇನ್ನು ಪಟ್ಟಿಗಳ ವಿಷಯ. ಮೊದಲೆಲ್ಲ ನಟರ ಕಣ್ಣನ್ನು ಚೀನಾದವರಂತೆ ಮಾಡಲು ಕಣ್ಣಿನ ತುದಿಗೆ ತೆಳುವಾದ ಪೊರೆಯೊಂದನ್ನು ಅಂಟಿನಿಂದ ಹಚ್ಚಿ ಮೇಲಕ್ಕೆಳೆಯುತ್ತಿದ್ದರು. ಒಬ್ಬೊಬ್ಬನಿಗೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ವಯಸ್ಸಾದ ನಟಿಯರ ಮುಖದ ಸುಕ್ಕು ಎಳೆದು ಹಿಡಿಯಲು ನಮ್ಮಲ್ಲಿ ಎಲಾಸ್ಟಿಕ್ ಪಟ್ಟಿಗಳಿದ್ದವು. ಅವನ್ನು ನೋಡಿದಾಗ ನನಗೊಂದು ಉಪಾಯ ಹೊಳೆಯಿತು. ಎರಡು ಸಣ್ಣ ಬಲೆಯ ಪಟ್ಟಿಗಳನ್ನು ಕಣ್ಣಿನ ಪಕ್ಕಕ್ಕೆ ಅಂಟಿಸುವುದು, ಅವುಗಳ ದಾರ ವಿಗ್ಗಿನೊಳಗಿಂದ ಹಾದು ಹಿಂದಕ್ಕೆ ಹೋಗಿ ಜಡೆಯ ಬುಡದಲ್ಲಿ ಗಂಟು. ಒಂದು ನಿಮಿಷದ ಕೆಲಸ. ಎಲಾಸ್ಟಿಕ್ ಬೆವರಿಗೆ ಸಡಿಲವಾಗುತ್ತದೆಂದು ಅದನ್ನು ಬಿಟ್ಟು ಗಟ್ಟಿ ದಾರ ಹಾಕಿದೆ, ಅಮ್ಮನ ಹೂವಿನ ಗಂಟು ಹಾಕಿದೆ. ಎಲಾಸ್ಟಿಕ್ ಆದರೆ ಕಣ್ಣು ಮಿಟುಕಿಸಿದಾಗ ಸ್ವಲ್ಪ ಬಿಟ್ಟುಕೊಡುತ್ತಿತ್ತು. ನನ್ನ ದಾರ ಬಿಟ್ಟುಕೊಡುತ್ತಿರಲಿಲ್ಲ. ಅದೇ ನನ್ನ ಸುಧಾರಣೆ.

ಮಾರ್ಗರೆಟ್ ನನ್ನ ಬೆನ್ನು ತಟ್ಟಿದರು. ಬೇರೆ ನಾಟಕದವರು ಕೇಳಿಕೊಂಡು ಬಂದರು. ಡಬ್ಬಿಯ ಮೇಲೆ 'ಸುಸ್ ಟ್ಯಾಬ್ಸ್', ಅಂದರೆ ಸುವಿನ ಪಟ್ಟಿಗಳು, ಎಂದು ಮಾರ್ಗರೆಟ್ಟೇ ಬರೆದರು. ಮನೆಗೆ ಹೋಗಿ ಪಾಯಸ ಮಾಡಿದೆ.

ಆ ವರ್ಷ ನಮ್ಮ ಮೂವರಿಗೂ ನಾಟಕದ ಪುಕ್ಕಟೆ ಟಿಕೆಟ್ ಸಿಕ್ಕಿತು. ಮಗಳು ಅನುಷಾಗೆ ಆಗ ಏಳು ವರ್ಷ. ಮಾರನೆಯ ದಿನ ಊಟದ ಮೇಜಿನ ಹತ್ತಿರ ನಿಂತು ಅವಳು ಬಟ್ಟೆ ಒಗೆಯುವವರ ಹಾಡು ಹಾಡಿದಳು. ಅದು ಯಾವ ಭಾಷೆಯೂ ಅಲ್ಲ, ಬರೀ ಚಿಂಗ್ ಚಾಂಗ್. ಬೆರಳಿನಿಂದ ಕಣ್ಣಿನ ತುದಿ ಎಳೆದುಕೊಂಡಿದ್ದಳು. ನಮ್ಮವರು ಅನ್ನ ಬಡಿಸುತ್ತ ನಕ್ಕರು.

ನಾನು ಏನು ಮಾಡಿದೆ ಎನ್ನುವುದನ್ನೂ ಬರೆಯುತ್ತೇನೆ. "ಹಾಗಲ್ಲ ಮಗಾ, ಇನ್ನೂ ಸ್ವಲ್ಪ ಮೇಲೆ ಎಳೀಬೇಕು," ಎಂದು ಹೇಳಿ ಅವಳ ಬೆರಳನ್ನು ನಾನೇ ಸರಿಯಾದ ಜಾಗಕ್ಕೆ ಸರಿಸಿದೆ.

ವಾರದ ನಂತರ ಶಾಲೆಯಿಂದ ಚೀಟಿ ಬಂತು. ತರಗತಿಯ ಚೀನೀ ಹುಡುಗಿಯೊಬ್ಬಳ ಮುಖದೆದುರು ಅನುಷಾ ಹಾಗೆ ಮಾಡಿದ್ದಳು, ಆ ಮಗು ಎರಡು ದಿನದಿಂದ ಶಾಲೆಗೆ ಬಂದಿರಲಿಲ್ಲ. ನನಗೆ ಸಿಟ್ಟು ಬಂದದ್ದು ಟೀಚರ್ ಮೇಲೆ.

"ಅಷ್ಟು ದೊಡ್ಡ ಥಿಯೇಟರಿನಲ್ಲಿ ತೋರಿಸ್ತಾರೆ, ಅದಕ್ಕೆಂತ ಇಲ್ಲ. ಮಕ್ಕಳು ಮಾಡಿದ್ರೆ ತಪ್ಪು," ಎಂದು ಗಂಡನ ಹತ್ತಿರ ಹಾರಾಡಿದೆ.

ಅವರು, "ಆ ಮಗುವಿನ ಮನೆಗೆ ಒಂದ್ಸಲ ಹೋಗಿ ಬರುವನಾ?" ಎಂದರು. ನಾನು ಬೇಡ ಎಂದೆ. ಹೋಗಲಿಲ್ಲ.

ಅದಾಗಿ ಎರಡು ವರ್ಷಕ್ಕೆ ಕೆವಿನ್ ಬಂದ. ಚೀನೀ ಮನೆತನದ ಹುಡುಗ, ಇಪ್ಪತ್ತಮೂರು ಇಪ್ಪತ್ತನಾಲ್ಕರ ಪ್ರಾಯ, ಕ್ರೋಯ್ಡನ್‌ನಲ್ಲೇ ಹುಟ್ಟಿದವನು. ಅವನ ಇಂಗ್ಲಿಷು ನನ್ನ ಮಗಳ ಇಂಗ್ಲಿಷಿನಂತೆಯೇ ಇತ್ತು. ನಟನೆ ಕಲಿತ ಮೇಲೆ ಅವನಿಗೆ ಸಿಕ್ಕ ಮೊದಲ ಸಂಬಳದ ಪಾತ್ರ ಅದು, ಒಗೆಯುವ ಅಂಗಡಿಯ ಕೆಲಸಗಾರ. ವರ್ಕ್‌ಶಾಪಿನಲ್ಲಿ ನನ್ನನ್ನು ಆಂಟಿ ಎಂದು ಕರೆದ ಮೊದಲಿಗ ಅವನೇ. ಅವರ ಮನೆಯಲ್ಲೂ ಹಿರಿಯ ಹೆಂಗಸರನ್ನು ಹಾಗೆಯೇ ಕರೆಯುವುದಂತೆ. ಅಮ್ಮ ನೆಂಟರಿಗೆಲ್ಲ ಸೇರಿಸಿ ಒಂದು ಇಡೀ ಸಾಲಿನ ಟಿಕೆಟ್ ತೆಗೆದಿದ್ದಾರೆ ಎಂದು ನಾಚಿಕೊಳ್ಳುತ್ತ ಹೇಳಿದ.

ಅವನಿಗೆ ವಿಗ್ಗು ತೊಡಿಸಿದೆ. ಪಟ್ಟಿಗಳನ್ನು ಹಚ್ಚುವ ಪ್ರಶ್ನೆಯೇ ಇರಲಿಲ್ಲ, ಪಕ್ಕಕ್ಕೆ ಮಡಚಿ ಇಟ್ಟಿದ್ದೆ. ನಿರ್ದೇಶಕರು ದೂರ ನಿಂತು ನೋಡಿದರು, ಇನ್ನೂ ಹಿಂದೆ ಹೋಗಿ ನೋಡಿದರು.

"ಬಾಲ್ಕನಿಯಿಂದ ಚೀನಾದವನ ಹಾಗೆ ಕಾಣೋದಿಲ್ಲ. ಪಟ್ಟಿ ಹಾಕಿ," ಎಂದರು.

ನಾನು ನಕ್ಕುಬಿಟ್ಟೆ, ತಮಾಷೆ ಎಂದುಕೊಂಡು. ಬೇರೆ ಯಾರೂ ನಗಲಿಲ್ಲ. "ಇವನು ಚೀನಾದವನೇ ಅಲ್ವಾ ಸರ್?" ಎಂದೆ. "ಹೌದು, ಆದರೆ ಜನಕ್ಕೆ ಅದು ಗೊತ್ತಾಗಬೇಕಲ್ಲ," ಎಂದು ಅವರು ಗೋಡೆಯ ಮೇಲಿನ ಹಾಡಿನ ಹೊದಿಕೆಯ ಕಡೆ ಕೈ ತೋರಿಸಿದರು. ಕೆವಿನ್ ಕನ್ನಡಿಯಲ್ಲೇ ಆ ಚಿತ್ರವನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ.

ಈ ಕೆಲಸಕ್ಕೆ ಬರುವ ಮಕ್ಕಳು ಇಲ್ಲೊಂದು ಮಾತು ತಿಳಿದಿರಬೇಕು. ಈ ಚರ್ಮಕ್ಕೆ ಅಂಟು ಆಗುವುದಿಲ್ಲ ಎಂದು ವಿಗ್ಗಿನವಳು ಹೇಳಿದರೆ ಅದೇ ಕೊನೆಯ ಮಾತು. ಯಾವ ನಿರ್ದೇಶಕನೂ ಅದರ ಮೇಲೆ ಮಾತಾಡುವುದಿಲ್ಲ. ಎಷ್ಟೋ ನಟರನ್ನು ನಾನು ಹಾಗೆ ಗಡ್ಡದಿಂದ, ಮೀಸೆಯಿಂದ ಪಾರು ಮಾಡಿದ್ದೇನೆ. ಆ ಸುಳ್ಳು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಕೆವಿನ್ ಅದಕ್ಕಾಗಿಯೇ ನನ್ನ ಮುಖ ನೋಡುತ್ತಿದ್ದನೇನೋ.

ಅಷ್ಟರಲ್ಲಿ ನಿರ್ದೇಶಕರು, "ಲಂಡನ್ನಿನಲ್ಲಿ ಸುವಿನ ಪಟ್ಟಿಯಂಥದ್ದು ಇನ್ನೊಂದಿಲ್ಲ," ಎಂದರು. ನಾನು ಉಬ್ಬಿಹೋದೆ. ಇಷ್ಟೇ ನಡೆದದ್ದು, ಇದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ.

"ಹಾಕಿ ಆಂಟಿ, ನನಗೆ ಈ ಕೆಲಸ ಬೇಕು," ಎಂದ ಕೆವಿನ್ ಮೆಲ್ಲಗೆ. ಹಾಕಿದೆ. ದಾರ ಎಳೆದು ಗಂಟು ಬಿಗಿದಾಗ, "ಸ್ವಲ್ಪ ಎಳೀತಾ ಇದೆ," ಎಂದ. "ಎರಡು ದಿನದಲ್ಲಿ ಅಭ್ಯಾಸ ಆಗ್ತದೆ," ಎಂದೆ ನಾನು.

ಐದು ವಾರ, ದಿನಕ್ಕೆ ಎರಡು ಆಟ. ಪ್ರತಿಸಲ ಬಿಚ್ಚುವಾಗ ಅವನ ಕಣ್ಣು ಕೆಂಡದ ಹಾಗಿರುತ್ತಿತ್ತು. ಬಣ್ಣ ಕಣ್ಣಿಗೆ ಹೋಗಿದೆ ಎಂದುಕೊಂಡು ಹತ್ತಿ ಒದ್ದೆ ಮಾಡಿ ಕೊಡುತ್ತಿದ್ದೆ. ಪ್ರತಿಸಲವೂ ಥ್ಯಾಂಕ್ಸ್ ಹೇಳುತ್ತಿದ್ದ.

ಅವನ ಅಮ್ಮ ಬಂದದ್ದು ಮೊದಲ ವಾರದ ಶನಿವಾರ, ಮಧ್ಯಾಹ್ನದ ಆಟಕ್ಕೆ. ಆಟ ಮುಗಿದ ಮೇಲೆ ಕೈಯಲ್ಲಿ ತಿಂಡಿಯ ಡಬ್ಬ ಹಿಡಿದು ಒಳಗೆ ಬಂದರು. ಕೆವಿನ್ ಇನ್ನೂ ವೇಷ ಬಿಚ್ಚದೆ ಬಾಗಿಲ ಹತ್ತಿರವೇ ನಿಂತಿದ್ದ. ಅವರು ಮಗನನ್ನು ದಾಟಿ ಮುಂದೆ ಹೋದರು. ಕೋಣೆಯಲ್ಲೆಲ್ಲ ಕಣ್ಣಾಡಿಸಿದರು, ಮಗ ಎಲ್ಲಿ ಎಂದು. "ಮಮ್" ಎಂದು ಕೆವಿನ್ ಕರೆದ ಮೇಲೆ ತಿರುಗಿದರು.

ಆ ತಾಯಿಯ ಮುಖದ ಮೇಲೆ ಏನು ಕಂಡೆನೋ ಅದು ಇವತ್ತಿಗೂ ನನ್ನನ್ನು ಬೆಚ್ಚಿಬೀಳಿಸುತ್ತದೆ. ಹತ್ತಿರ ಬಂದು ಮಗನ ಕಣ್ಣಿನ ಪಕ್ಕದ ಪಟ್ಟಿಯನ್ನು ಬೆರಳಿನಿಂದ ಮುಟ್ಟಿ, "ಇದು ಯಾಕೆ?" ಎಂದು ಕೇಳಿದರು. "ದೂರದವರಿಗೆ ಕಾಣಬೇಕಂತೆ," ಎಂದ ಅವನು. ಅವರು ಕೊಕ್ಕೆ ಹಿಡಿದು ನಿಂತಿದ್ದ ನನ್ನನ್ನು ನೋಡಿದರು. ಆಮೇಲೆ ಡಬ್ಬ ತೆರೆದು ಮೊದಲ ತುಂಡನ್ನು ನನಗೇ ಕೊಟ್ಟರು. ತೆಗೆದುಕೊಂಡೆ. ತಿಂದೆ ಕೂಡ.

ಮುಂದಿನ ಸಲ ಆ ನಾಟಕ ಬಂದಾಗ ಕೆವಿನ್ ಬರಲಿಲ್ಲ. ಕೆಲವು ವರ್ಷ ಕಳೆದ ಮೇಲೆ ಆ ವಿಗ್ಗುಗಳನ್ನು ಕೇಳಿಕೊಂಡು ಬರುವುದೇ ನಿಂತಿತು. ಒಂದು ಸೋಮವಾರ ಬಂದಾಗ ಗೋಡೆ ಖಾಲಿಯಾಗಿತ್ತು, ಚಿತ್ರವಿದ್ದ ಜಾಗದಲ್ಲಿ ನಾಲ್ಕು ಬಿಳಿ ಚೌಕಗಳು. ಯಾರು ತೆಗೆದರು ಎಂದು ಯಾರೂ ಕೇಳಲಿಲ್ಲ. ಯಾಕೆ ಹಾಕಿದ್ದೆವು ಎಂದಂತೂ ಯಾರೂ ಕೇಳಲಿಲ್ಲ. ಡಬ್ಬಿ ಅಟ್ಟಕ್ಕೆ ಹೋಯಿತು. ಮಾರ್ಗರೆಟ್ ನಿವೃತ್ತರಾದರು, ನಾನೂ ಆದೆ. ಬೀಳ್ಕೊಡುಗೆಯ ದಿನ ನನ್ನ ಬೆರಳುಗಳ ಬಗ್ಗೆ ಎಲ್ಲರೂ ಒಳ್ಳೆಯ ಮಾತಾಡಿದರು.

ಇಷ್ಟು ಬರೆದು ನಿಲ್ಲಿಸಿದ್ದೆ. ಮೊನ್ನೆ ಶನಿವಾರ ನಿಧಿ ಟ್ರಾಮ್ ಹತ್ತಿ ನಮ್ಮ ಫ್ಲ್ಯಾಟಿಗೇ ಬಂದಳು, ತೊಡೆಯ ಮೇಲೆ ಅದೇ ಡಬ್ಬಿ. ನಾನು ಮಧ್ಯಾಹ್ನದ ಊಟಕ್ಕೆ ಬೇಳೆ ಬೇಯಲು ಇಟ್ಟಿದ್ದೆ.

"ಆಂಟಿ, ವಿಗ್ ಒಳಗೆ ಹೆಸರು ಬರ್ದಿತ್ತಲ್ಲ, ಆ ಆಕ್ಟರ್ ಸಿಕ್ಕಿದ್ರು. ಕೆವಿನ್. ಈಗ ಒಂದು ಸ್ಕೂಲಲ್ಲಿ ಡ್ರಾಮಾ ಟೀಚರ್. ಹೆಸರು ಹಾಕ್ಬೋದು ಅಂದ್ರು. ಬಟ್..." ಎಂದು ನಿಲ್ಲಿಸಿದಳು.

"ಎಂತ? ಹೇಳು."

"ಒಂದು ಕ್ವೆಶ್ಚನ್ ಕೇಳಿದ್ರು. ಅದನ್ನ ಮಾಡಿದ ಆಂಟಿ ಒಂದ್ಸಲನಾದ್ರೂ ಹಾಕ್ಕೊಂಡು ನೋಡಿದಾರಾ ಅಂತ."

ಇಪ್ಪತ್ತೇಳು ವರ್ಷ. ಮರದ ತಲೆಗೆ ತೊಡಿಸಿದ್ದೇನೆ, ಸಾವಿರ ಜನರ ತಲೆಗೆ ತೊಡಿಸಿದ್ದೇನೆ, ನನ್ನ ತಲೆಗೆ ಒಂದು ವಿಗ್ಗನ್ನೂ ಇಟ್ಟುಕೊಂಡವಳಲ್ಲ. ನಮ್ಮ ಕೆಲಸದಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ.

ಸ್ನಾನದ ಕೋಣೆಯ ಕನ್ನಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ನಿಧಿಗೆ ಹೇಳಿಕೊಡುತ್ತ ಹೋದೆ. ಅಂಟು ಇಲ್ಲಿ, ಪಟ್ಟಿ ಇಲ್ಲಿ, ದಾರ ಹಿಂದಕ್ಕೆ, ಗಂಟು ಹೀಗೆ. ಅವಳು ಅಂಜುತ್ತ ಸಡಿಲವಾಗಿ ಎಳೆದಳು.

"ಹಾಗಲ್ಲ, ಇನ್ನೂ ಮೇಲೆ," ಎಂದೆ. ಹೇಳಿದ ಮೇಲೆ, ಈ ಮಾತನ್ನು ಹಿಂದೆ ಯಾರಿಗೆ ಹೇಳಿದ್ದೆ ಎಂದು ನೆನಪಾಯಿತು. ಅವಳು ಗಟ್ಟಿಯಾಗಿ ಎಳೆದು ಗಂಟು ಬಿಗಿದಳು.

ನೋವು ನಾನು ನೆನೆಸಿದ್ದಕ್ಕಿಂತ ಬೇರೆ ಜಾಗದಲ್ಲಿತ್ತು. ಚರ್ಮ ಸ್ವಲ್ಪ ಉರಿಯುತ್ತದೆ, ಅದು ಏನೂ ಅಲ್ಲ. ಕಣ್ಣು ಮುಚ್ಚುವುದಿಲ್ಲ. ಮುಚ್ಚಲು ಹೋದರೆ ರೆಪ್ಪೆ ಅರ್ಧದಲ್ಲೇ ನಿಲ್ಲುತ್ತದೆ, ಗಂಟು ಬಿಡುವುದಿಲ್ಲ. ಬಲ್ಬಿನ ಬೆಳಕು ನೇರ ಕಣ್ಣಿಗೆ ಸುರಿಯುತ್ತದೆ, ನೀರು ಕೆನ್ನೆಗೆ ಇಳಿಯುತ್ತದೆ. ಇದು ಬಣ್ಣ ಅಲ್ಲ. ಆ ಐದು ವಾರ ಅದು ಬಣ್ಣ ಆಗಿರಲಿಲ್ಲ. ಆ ಹುಡುಗ ವೇದಿಕೆಯ ದೀಪಗಳ ಎದುರು ಕಣ್ಣು ಮುಚ್ಚಲಾರದೆ ಕುಣಿದಿದ್ದ, ಕೆಳಗೆ ಬಂದು ನನಗೆ ಥ್ಯಾಂಕ್ಸ್ ಹೇಳಿದ್ದ.

"ಆಂಟಿ, ತೆಗೀಲಾ? ಪ್ಲೀಸ್," ಎಂದಳು ನಿಧಿ.

"ಇರಲಿ. ಎಷ್ಟು ಹೊತ್ತು ಆಗ್ತದೆ ನೋಡುವ."

ಅಡುಗೆಮನೆಯಲ್ಲಿ ಕುಕ್ಕರ್ ಒಂದು ಸೀಟಿ ಹಾಕಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಹಾಕಿತು. ಮೂರನೆಯದಕ್ಕೆ ಕಾಯಲು ನನ್ನಿಂದ ಆಗಲಿಲ್ಲ. "ಬಿಚ್ಚು," ಎಂದೆ. ಗಂಟು ಬಿಚ್ಚಲಿಲ್ಲ, ಅಮ್ಮನ ಗಂಟಲ್ಲವೇ, ಬಿಚ್ಚುವ ಪರಿ ನನ್ನ ಬೆರಳಿಗೆ ಮಾತ್ರ ಗೊತ್ತು. ನಿಧಿ ಕತ್ತರಿ ತಂದು ದಾರ ಕತ್ತರಿಸಿದಳು. ಮ್ಯೂಸಿಯಂ ಪೀಸ್ ಹಾಳಾಯ್ತು ಎಂದು ಅವಳು ಕಂಗಾಲಾದಳು. ಕತ್ತರಿಸಿದ್ದು ಹಾಗೆಯೇ ಇರಲಿ, ಹಾಗೆಯೇ ಕೊಡು ಎಂದೆ.

ಮುಖ ತೊಳೆದು ಬಂದು ಮೇಜಿನ ಮುಂದೆ ಕೂತೆ. ಕಾರ್ಡಿನ ಮೇಲೆ ಹಾಕಲು ನನ್ನ ಹೆಸರನ್ನು ಪೂರ್ತಿಯಾಗಿ, ಸು ಎಂದಲ್ಲ, ಸುಗಂಧಿ ಎಂದು ಬರೆದುಕೊಟ್ಟೆ. ಕೆವಿನ್‌ಗೆ ಬೇರೊಂದು ಚೀಟಿ ಬರೆದೆ. ಬಹಳ ಬರೆಯಲು ಹೊರಟಿದ್ದೆ, ಬರಲಿಲ್ಲ. ಆಗ ಹಾಕಿ ನೋಡಿರಲಿಲ್ಲ, ಇವತ್ತು ಹಾಕಿದೆ, ಕುಕ್ಕರಿನ ಮೂರು ಸೀಟಿಯಷ್ಟು ಹೊತ್ತೂ ತಡೆಯಲು ನನ್ನಿಂದ ಆಗಲಿಲ್ಲ, ನಿಮ್ಮ ತಾಯಿಗೂ ಇದನ್ನು ಹೇಳಿ ಎಂದಷ್ಟೇ ಬರೆದು ನಿಧಿಯ ಕೈಗೆ ಕೊಟ್ಟೆ.